ಇನ್ನೊಂದು ಹತ್ತು ಹಾಕಿದ್ರೆ ಬೆಂಜ್ ಬರುತ್ತಲ್ಲ?

ನಮ್ಮ ಸೋದರಮಾವ ಶಿವಮೊಗ್ಗದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ ಬರುತ್ತಾರೆ. ಕಾರು ಓಡಿಸುವುದು ಡ್ರೈವರ್, ಮಾವ ಹಿಂದೆ ಎಡಗಡೆ ಕೂತು ಫೋನಿನಲ್ಲಿ ರೇಟು ಕೇಳುತ್ತಾ ಬರುತ್ತಾರೆ. ಹಳೆ ಕಾರು ಮಾರಿ ಒಳ್ಳೆಯ ಸೆಡಾನ್ ತಗೊಳ್ಳಬೇಕು, ಯಾವುದು ನೋಡಲಿ ಅಂತ ಕೇಳಿದರು. ನಾನು ಟೊಯೊಟಾ ಕ್ಯಾಮ್ರಿ ಅಂದೆ. ಬೆಲೆ ಹೇಳಿದೆ. ಫೋನಿನ ಆ ಕಡೆ ಒಂದು ಕ್ಷಣ ಸದ್ದಿಲ್ಲ.

"ಐವತ್ತು ಲಕ್ಷ ಕೊಟ್ಟು ಟೊಯೊಟಾನಾ? ಇನ್ನೊಂದು ಹತ್ತು ಹಾಕಿದ್ರೆ ಬೆಂಜ್ ಬರುತ್ತಲ್ಲ ಮಾರಾಯ."

ತಳ್ಳಿಹಾಕುವ ಮಾತಲ್ಲ ಇದು. ಶೋರೂಮಿಗೆ ಹೋದವರೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಇದನ್ನೇ ಕೇಳುತ್ತಾರೆ. ಸೇಲ್ಸ್‌ನವರ ಹತ್ತಿರ ಇದಕ್ಕೆ ಸರಿಯಾದ ಉತ್ತರ ಇರುವುದಿಲ್ಲ. ಏರ್‌ಬ್ಯಾಗ್ ಒಂಬತ್ತು ಅಂತಾರೆ, ಮೈಲೇಜ್ 25 ಅಂತಾರೆ, ಸುಮ್ನಾಗುತ್ತಾರೆ. ಮಾವನಿಗೆ ಉತ್ತರ ಕೊಡಲು ನಾನೇ ಲೆಕ್ಕ ಹಾಕಲು ಕೂತೆ. ಟೇಪ್ ಕೂಡ ಹಿಡಿದೆ.

ಮೊದಲು ಕಾರು ಯಾವುದು ಅಂತ ನೋಡೋಣ. ಈಗಿನ ಒಂಬತ್ತನೇ ತಲೆಮಾರಿನ ಕ್ಯಾಮ್ರಿ ನಮ್ಮಲ್ಲಿ 2024ರ ಡಿಸೆಂಬರ್‌ನಲ್ಲಿ ಬಂತು. ಬಂದಾಗ ಎಕ್ಸ್-ಶೋರೂಂ ಬೆಲೆ 48 ಲಕ್ಷ. 2.5 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರು (ಅದಕ್ಕೇ ಇದು ಹೈಬ್ರಿಡ್), ಒಟ್ಟು 230 ಅಶ್ವಶಕ್ತಿ. ಉದ್ದ 4920 ಮಿ.ಮೀ., ಅಗಲ 1840, ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ) 2825. ಜೋಡಣೆ ಆಗುವುದು ನಮ್ಮ ಬಿಡದಿಯಲ್ಲೇ. ಇದೇ ಕಾರಿನ ಹಿಂದಿನ ತಲೆಮಾರು 2019ರಲ್ಲಿ ಬಂದಾಗ ಬೆಲೆ 37 ಲಕ್ಷದ ಒಳಗಿತ್ತು. ಆರು ವರ್ಷದಲ್ಲಿ ಬೆಲೆ ಏರಿದ್ದು 11 ಲಕ್ಷ, ಉದ್ದ ಏರಿದ್ದು 35 ಮಿ.ಮೀ., ವೀಲ್‌ಬೇಸ್ ಒಂದು ಮಿ.ಮೀ. ಕೂಡ ಏರಿಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ ಈ ಬೆಲೆ ಹೇಳಿದರೆ ನಗುತ್ತಾರೆ. ಅಲ್ಲಿ ಕ್ಯಾಮ್ರಿ ಅಂದರೆ ಓದು ಮುಗಿಸಿ ಕೆಲಸ ಸಿಕ್ಕ ಹುಡುಗ ಕಂತಿನಲ್ಲಿ ಕೊಳ್ಳುವ ಕಾರು. 2025ರ ಮಾಡೆಲ್ ಅಲ್ಲಿ 28,400 ಡಾಲರ್‌ನಿಂದ ಶುರುವಾಯಿತು. ಮರ್ಸಿಡಿಸ್ ಬೆಂಜ್‌ನ ಸಿ-ಕ್ಲಾಸ್ ಸೆಡಾನ್ ಬೇಕಾದರೆ 47-48 ಸಾವಿರ ಡಾಲರ್ ಬೇಕು. ಅಂದರೆ ಕ್ಯಾಮ್ರಿ ಕೊಳ್ಳುವವನು ಬೆಂಜ್ ಶೋರೂಮಿನ ಮುಂದೆ ಹಾದುಹೋಗುತ್ತಾನೆ, ಒಳಗೆ ಹೋಗುವುದಿಲ್ಲ. ನಮ್ಮಲ್ಲಿಗೆ ಬರುವುದು ಎಲ್ಲ ಸೌಕರ್ಯ ತುಂಬಿದ ಕಾರು, ಅಲ್ಲಿನ ಬೆಲೆ ಖಾಲಿ ಕಾರಿನದು, ಹಾಗಾಗಿ ಹೋಲಿಕೆ ಪೂರ್ತಿ ನ್ಯಾಯವಲ್ಲ. ಆದರೂ ಅಂತರ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಎರಡು ಕಾರುಗಳ ನಡುವೆ ದೊಡ್ಡ ಹೊಳೆ ಇದೆ. ನಮ್ಮಲ್ಲಿ ಅದು ದಾಟಬಹುದಾದ ಕಾಲುವೆ. ಮಾವನ ಪ್ರಶ್ನೆ ಹುಟ್ಟುವುದೇ ಅಲ್ಲಿ.

ಈ ಕಾಲುವೆಯನ್ನು ಇನ್ನಷ್ಟು ಕಿರಿದು ಮಾಡಿದ್ದು 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು "ಎಲ್ಲ ಕಾರಿನ ಬೆಲೆಯೂ ಇಳಿಯಿತು" ಅಂತ ಖುಷಿಪಟ್ಟು ಬಿಟ್ಟರು. ಅದಕ್ಕೆ ಮುಂಚೆ ದೊಡ್ಡ ಎಂಜಿನ್ನಿನ ಸೆಡಾನ್‌ಗೆ ಜಿಎಸ್‌ಟಿ, ಸೆಸ್ ಎಲ್ಲ ಸೇರಿ ಶೇ 48 ತೆರಿಗೆ ಇತ್ತು. ಹೈಬ್ರಿಡ್‌ಗೆ ಶೇ 43. ಐದು ಪಾಯಿಂಟಿನ ರಿಯಾಯಿತಿ. ಈಗ ಸೆಸ್ ಹೋಯಿತು, ಎರಡಕ್ಕೂ ಶೇ 40. ಹೈಬ್ರಿಡ್‌ಗಿದ್ದ ರಿಯಾಯಿತಿ ಮಾಯ.

60 ಲಕ್ಷದ ಒಂದು ಜರ್ಮನ್ ಕಾರು ಅಂದುಕೊಳ್ಳಿ. ಶೇ 48ರಿಂದ 40ಕ್ಕೆ ಬಂದರೆ ಬೆಲೆ ಸುಮಾರು 3.2 ಲಕ್ಷ ಇಳಿಯಬೇಕು. 56.8 ಲಕ್ಷದ ಹತ್ತಿರ ಬರುತ್ತದೆ. ಕ್ಯಾಮ್ರಿ ಶೇ 43ರಿಂದ 40ಕ್ಕೆ ಬಂತು. ಟೊಯೊಟಾ ಇಳಿಸಿದ್ದು ಒಂದು ಲಕ್ಷದ ಮೇಲೆ ಸ್ವಲ್ಪ, ಅಷ್ಟರಲ್ಲಿ ಸ್ವಲ್ಪ ಏರಿದ್ದ ಬೆಲೆ 47.5 ಲಕ್ಷದ ಸುತ್ತ ನಿಂತಿತು. ಅಂದರೆ ಅಂತರ ಎರಡು ಲಕ್ಷಕ್ಕಿಂತ ಜಾಸ್ತಿ ಕಡಿಮೆ ಆಯಿತು. ಹೈಬ್ರಿಡ್‌ಗೆ ಹೀಗೆ ಆಗುವುದು ಇದು ಎರಡನೇ ಸಲ. 2017ರಲ್ಲಿ ಜಿಎಸ್‌ಟಿ ಬಂದಾಗ ಹೈಬ್ರಿಡ್ ಕಾರಿನ ಮೇಲಿನ ತೆರಿಗೆ ಶೇ 30ರ ಸುತ್ತಮುತ್ತ ಇದ್ದದ್ದು ಒಂದೇ ಏಟಿಗೆ 43ಕ್ಕೆ ಹಾರಿತ್ತು. ಆಗ ಬಿಡದಿಯ ಕ್ಯಾಮ್ರಿಗೆ ಬಿದ್ದ ಪೆಟ್ಟು ಸಣ್ಣದಲ್ಲ.

ಇನ್ನು ರಾಜ್ಯದ ಪಾಲು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ರಸ್ತೆ ತೆರಿಗೆ ಶೇ 18, ಅದರ ಮೇಲೆ ಸೆಸ್. ಒಟ್ಟು ಹತ್ತಿರ ಹತ್ತಿರ ಶೇ 20 ಅಂತ ಇಟ್ಟುಕೊಳ್ಳಿ. ಕ್ಯಾಮ್ರಿಗೆ ಒಂಬತ್ತೂವರೆ ಲಕ್ಷ ರಸ್ತೆ ತೆರಿಗೆಗೇ ಹೋಗುತ್ತದೆ. ಹೋಂಡಾ ಅಮೇಜ್ ಕೊಳ್ಳಬಹುದಾದ ದುಡ್ಡು ಅದು! ಸುಮಾರು 57 ಲಕ್ಷದ ಸಿ-ಕ್ಲಾಸ್‌ಗೆ ಹನ್ನೊಂದು ಲಕ್ಷ ದಾಟುತ್ತದೆ. ಹೀಗಾಗಿ ಶೋರೂಮಿನ ಬೋರ್ಡಿನ ಮೇಲೆ ಒಂಬತ್ತು ಲಕ್ಷ ಇದ್ದ ಅಂತರ ಕಾರು ಮನೆಗೆ ಬರುವಷ್ಟರಲ್ಲಿ ಹನ್ನೊಂದರ ಮೇಲಾಗುತ್ತದೆ, ಇನ್ಶೂರೆನ್ಸ್ ಬೇರೆ. ಮಾವ ಅಂದಾಜಿನಲ್ಲಿ ಹೇಳಿದ ಹತ್ತು ಅಷ್ಟೇನೂ ತಪ್ಪಲ್ಲ. ವ್ಯಾಪಾರಸ್ಥರ ಬಾಯಿಲೆಕ್ಕ ನೋಡಿ.

ಒಂದು ತಮಾಷೆ ಹೇಳಲೇಬೇಕು. 2024ರ ಜುಲೈನಲ್ಲಿ ಉತ್ತರ ಪ್ರದೇಶ ಸರ್ಕಾರ ಕ್ಯಾಮ್ರಿಯಂತಹ ಸ್ಟ್ರಾಂಗ್ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆ ಮನ್ನಾ ಮಾಡಿತು. ಆಗ ಬಿಡದಿಯಲ್ಲಿ ಜೋಡಿಸಿದ ಕಾರಿಗೆ ಲಖನೌದಲ್ಲಿ ಮನ್ನಾ ಇತ್ತು, ಬೆಂಗಳೂರಿನಲ್ಲಿ ಪೂರ್ತಿ ತೆರಿಗೆ.

ಬೆಲೆ ಅಲ್ಲಿಗೆ ಬಿಡೋಣ. ಈಗ ಗಾತ್ರ. ಇದರಲ್ಲಿ ಜನ ಮೋಸ ಹೋಗುವುದು ಜಾಸ್ತಿ.

ಕ್ಯಾಮ್ರಿಯ ದುಡ್ಡಿಗೆ ಜರ್ಮನ್ ಬ್ಯಾಡ್ಜ್ ಸಿಗುವುದಿಲ್ಲ ಅಂತಲ್ಲ. ಸಿಗುತ್ತದೆ. ಬಿಎಂಡಬ್ಲ್ಯೂ 2 ಸೀರಿಸ್ ಗ್ರಾನ್ ಕೂಪೆ 2025ರ ಜುಲೈನಲ್ಲಿ 46.9 ಲಕ್ಷಕ್ಕೆ ಬಂತು. ಮರ್ಸಿಡಿಸ್ ಎ-ಕ್ಲಾಸ್ ಲಿಮೊಸಿನ್ ಕೂಡ ಅದೇ ಬೀದಿಯದು. ಹೆಸರಿನಲ್ಲಿ ಲಿಮೊಸಿನ್ ಇದೆ, ಉದ್ದ ಮಾತ್ರ 4549 ಮಿ.ಮೀ. ಸುಮಾರಾಗಿ ಹೋಂಡಾ ಸಿಟಿಯಷ್ಟೇ! ಕ್ಯಾಮ್ರಿಗಿಂತ 37 ಸೆಂ.ಮೀ. ಗಿಡ್ಡ, ಒಂದು ಅಡಿಗೂ ಜಾಸ್ತಿ. ಆಡಿ ಎ4 ಸ್ವಲ್ಪ ಮರ್ಯಾದೆಯ ಗಾತ್ರದ್ದು, 4762 ಮಿ.ಮೀ., ಬೆಲೆಯೂ ಕ್ಯಾಮ್ರಿಯ ಹತ್ತಿರದ್ದೇ. ಆದರೆ ಕಾರು ಹಳೆಯದಾಯಿತು. ಯುರೋಪಿನಲ್ಲಿ ಅದರ ಜಾಗಕ್ಕೆ 2024ರಲ್ಲೇ ಎ5 ಬಂದಿದೆ.

ಸಿ-ಕ್ಲಾಸ್ ನೋಡಿ. ಉದ್ದ 4751, ಕ್ಯಾಮ್ರಿಗಿಂತ 17 ಸೆಂ.ಮೀ. ಕಡಿಮೆ. ಆದರೆ ವೀಲ್‌ಬೇಸ್ 2865, ಕ್ಯಾಮ್ರಿಗಿಂತ 4 ಸೆಂ.ಮೀ. ಜಾಸ್ತಿ. ಅದು ಜಾಸ್ತಿ ಇದ್ದರೆ ಒಳಗೆ ಜಾಗ ಜಾಸ್ತಿ ಅಂತ ಎಲ್ಲ ರಿವ್ಯೂಗಳೂ ಹೇಳುತ್ತವೆ. ಹಾಗಾದರೆ ಸಿ-ಕ್ಲಾಸ್‌ನ ಹಿಂದಿನ ಸೀಟು ದೊಡ್ಡದಿರಬೇಕಲ್ವಾ? ಹೋಗಿ ಕೂತು ನೋಡಿ. ನಾನು ಐದು ಅಡಿ ಹತ್ತು ಇಂಚು. ಮುಂದಿನ ಸೀಟನ್ನು ನನ್ನ ಅಳತೆಗೆ ಹೊಂದಿಸಿ, ಅದರ ಹಿಂದೆಯೇ ಕೂತೆ. ಕ್ಯಾಮ್ರಿಯಲ್ಲಿ ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಒಂದು ಗೇಣು ಆರಾಮಾಗಿ ಬಂತು. ಸಿ-ಕ್ಲಾಸ್‌ನಲ್ಲಿ ಗೇಣು ಬಿಡಿ, ಮುಷ್ಟಿ ಹಿಡಿಸಿತು, ಅಷ್ಟೇ.

ಇದು ಯಾಕೆ ಹೀಗೆ? ಎಂಜಿನ್ ಮಲಗಿರುವ ದಿಕ್ಕು ಕಾರಣ. ಕ್ಯಾಮ್ರಿ ಮುಂದಿನ ಚಕ್ರ ಎಳೆಯುವ ಕಾರು. ಎಂಜಿನ್ ಬಾನೆಟ್ ಕೆಳಗೆ ಅಡ್ಡಲಾಗಿ ಕೂತಿದೆ, ಗೇರ್‌ಬಾಕ್ಸ್ ಅದರ ಪಕ್ಕದಲ್ಲೇ. ಹಾಗಾಗಿ ಮುಂದಿನ ಚಕ್ರ ಡ್ರೈವರ್‌ನ ಪಾದದ ಹತ್ತಿರಕ್ಕೆ ಬರುತ್ತದೆ. ವೀಲ್‌ಬೇಸ್‌ನ ಹೆಚ್ಚಿನ ಪಾಲು ಜನರಿಗೆ ಸಿಗುತ್ತದೆ. ಸಿ-ಕ್ಲಾಸ್ ಹಿಂದಿನ ಚಕ್ರ ತಳ್ಳುವ ಕಾರು. ಅದರಲ್ಲಿ ಎಂಜಿನ್ ಉದ್ದಕ್ಕೆ ಮಲಗಿದೆ, ಅದರ ಬಾಲಕ್ಕೆ ಗೇರ್‌ಬಾಕ್ಸ್. ಮುಂದಿನ ಚಕ್ರ ಇನ್ನೂ ಮುಂದಕ್ಕೆ ಹೋಗುತ್ತದೆ. ಪಕ್ಕದಿಂದ ನೋಡಿದರೆ ಮುಂದಿನ ಚಕ್ರಕ್ಕೂ ಮುಂದಿನ ಬಾಗಿಲಿಗೂ ನಡುವೆ ಅಗಲವಾದ ತಗಡಿನ ಪಟ್ಟಿ ಕಾಣುತ್ತದೆ. ಬೆಂಜ್, ಬಿಎಂಡಬ್ಲ್ಯೂ ನಿಂತಾಗ ಕಾಣುವ ಆ ಠೀವಿ ಇರುವುದೇ ಆ ಪಟ್ಟಿಯಲ್ಲಿ. ನೋಡಲು ಚೆಂದ. ಆದರೆ ಅಳತೆಯಲ್ಲಿ ಅದು ವೀಲ್‌ಬೇಸ್‌ಗೆ ಸೇರುತ್ತದೆ, ನಿಮ್ಮ ಮೊಣಕಾಲಿಗೆ ಅಲ್ಲ. ಜೊತೆಗೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್ ಕಾರಿನ ನಡುವೆ ಹಾಯಬೇಕು. ಅದಕ್ಕೇ ಹಿಂದೆ ಮಧ್ಯದಲ್ಲಿ ಕೂರುವವರ ಕಾಲಿನ ಕೆಳಗೆ ದೊಡ್ಡ ದಿಬ್ಬ. ಮೂರನೆಯವರು ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಇಟ್ಟು ಕುದುರೆ ಏರಿದ ಹಾಗೆ ಕೂರಬೇಕು.

ಈ ಕೊರತೆ ಜರ್ಮನ್ ಕಂಪನಿಗಳಿಗೆ ಗೊತ್ತಿಲ್ಲದ್ದಲ್ಲ. ಅದಕ್ಕೇ ನಮ್ಮಂತಹ ದೇಶಗಳಿಗೆ ಅವರು ಕಾರನ್ನು ಎಳೆದು ಉದ್ದ ಮಾಡುತ್ತಾರೆ. ಬಿಎಂಡಬ್ಲ್ಯೂ 3 ಸೀರಿಸ್ ಮಾಮೂಲಿ ಕಾರಿನ ವೀಲ್‌ಬೇಸ್ 2851. ಚೆನ್ನೈನಲ್ಲಿ ಜೋಡಿಸುವ ಉದ್ದದ ಆವೃತ್ತಿಗೆ 2961. ಆ 11 ಸೆಂ.ಮೀ. ಪೂರ್ತಿ ಹಿಂದಿನ ಸೀಟಿಗೇ ಹೋಗಿದೆ. ಇದರಲ್ಲಿ ಕೂತರೆ ಕ್ಯಾಮ್ರಿಗೆ ಸರಿಸಮ ಜಾಗ. ಬೆಲೆ 60 ಲಕ್ಷದ ಆಸುಪಾಸು. ಇನ್ನೂ ಮೇಲಕ್ಕೆ ಹೋದರೆ 2024ರಲ್ಲಿ ಬಂದ 5 ಸೀರಿಸ್ ಇದೆ, ವೀಲ್‌ಬೇಸ್ 3105, ಬಂದಾಗ ಬೆಲೆ 72.9 ಲಕ್ಷ. ಅದೇ ವರ್ಷದ ಇ-ಕ್ಲಾಸ್‌ಗೆ 3094, ಬೆಲೆ 78.5 ಲಕ್ಷ. ಹಿಂದೆ ಕೂರುವ ಯಜಮಾನರಿಗೆ ನಿಜವಾದ ಬೆಂಜ್ ಅಂದರೆ ಇ-ಕ್ಲಾಸ್. ಮಾವನ "ಇನ್ನೊಂದು ಹತ್ತು" ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೆ ಇನ್ನೊಂದು ಮೂವತ್ತು ಹಾಕಬೇಕು, ಮೇಲೆ ತೆರಿಗೆ.

ಸ್ಕೋಡಾ ಸೂಪರ್ಬ್ ನೆನಪಾಗುತ್ತಿದೆಯಾ? ಈ ಇಡೀ ಲೆಕ್ಕಾಚಾರವನ್ನು ತಲೆಕೆಳಗು ಮಾಡುತ್ತಿದ್ದ ಕಾರು ಅದು. ಹಿಂದೆ ಕಾಲು ಚಾಚಿ ಕೂರಬಹುದು, ಡಿಕ್ಕಿ 625 ಲೀಟರ್. ಔರಂಗಾಬಾದ್‌ನಲ್ಲಿ ಜೋಡಿಸುತ್ತಿದ್ದಾಗ ಬೆಲೆ 30ರಿಂದ 40 ಲಕ್ಷದೊಳಗೆ. 2023ರಲ್ಲಿ ಹೊಗೆ ಮಾಲಿನ್ಯದ ಬಿಎಸ್6 ಎರಡನೇ ಹಂತದ ನಿಯಮ ಬಂದಾಗ ನಿಂತಿತು. ಮುಂದಿನ ವರ್ಷ ಅದೇ ತಲೆಮಾರಿನ ಕಾರು ಪೂರ್ತಿ ಆಮದಾಗಿ ವಾಪಸ್ ಬಂತು, ನೂರೇ ನೂರು ಕಾರು, ಬೆಲೆ 54 ಲಕ್ಷ. ಅದೇ ಸೀಟು, ಅದೇ ಡಿಕ್ಕಿ. ಬಿಡಿಭಾಗಗಳಾಗಿ ತಂದು ಇಲ್ಲಿ ಜೋಡಿಸಿದರೆ ಒಂದು ಸುಂಕ, ಸಿದ್ಧ ಕಾರನ್ನು ಹಡಗಿನಿಂದ ಇಳಿಸಿದರೆ ಅದರ ಹಲವು ಪಟ್ಟು ಸುಂಕ. ಸೂಪರ್ಬ್ ಬೆಲೆ ಏರಿದ್ದರ ದೊಡ್ಡ ಪಾಲು ಕಸ್ಟಮ್ಸ್ ಕಟ್ಟೆಯಲ್ಲೇ ಕಟ್ಟಿದ್ದು. ಹೋಂಡಾ ಅಕಾರ್ಡ್, ಫೋಕ್ಸ್‌ವ್ಯಾಗನ್ ಪಸಾಟ್, ಹ್ಯುಂಡೈ ಸೊನಾಟಾ ಒಂದೊಂದಾಗಿ ಹೋದವು. ಕ್ಯಾಮ್ರಿ ಉಳಿದದ್ದು ಬಿಡದಿಯಲ್ಲಿ ಜೋಡಣೆ ಇದ್ದದ್ದಕ್ಕೆ ಅಂತ ನನ್ನ ಅನಿಸಿಕೆ.

ಚೀನಾದ ಬಿವೈಡಿ ಕಂಪನಿಯ ಸೀಲ್ ಅಂತ ಒಂದು ಎಲೆಕ್ಟ್ರಿಕ್ ಸೆಡಾನ್ ಇದೆ. 2024ರಲ್ಲಿ 41 ಲಕ್ಷಕ್ಕೆ ಶುರುವಾಯಿತು, ವೀಲ್‌ಬೇಸ್ 2920. ಕರ್ನಾಟಕದಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಆಜೀವ ತೆರಿಗೆ ಶೇ 10 ಅಷ್ಟೇ, ಅಲ್ಲೇ ನಾಲ್ಕೈದು ಲಕ್ಷ ಉಳಿತಾಯ. ಆದರೆ ಬ್ಯಾಟರಿ ನೆಲದಡಿಯಲ್ಲಿ ಇರುವುದರಿಂದ ಹಿಂದೆ ಕೂತವರ ಮೊಣಕಾಲು ಮೇಲಕ್ಕೆ ಎದ್ದಿರುತ್ತದೆ. ತೊಡೆಗೆ ಆಧಾರ ಸಿಗುವುದಿಲ್ಲ. ಓಡಿಸುವವರಿಗೆ ಭಾರಿ ಮಜಾ ಕೊಡುವ ಕಾರು, ಶಿವಮೊಗ್ಗದಿಂದ ಬೆಂಗಳೂರಿನವರೆಗೆ ಹಿಂದೆ ಕೂತು ಬರಲು ನಾನು ಹೇಳುವುದಿಲ್ಲ.

ಮೈಲೇಜ್ ವಿಷಯದಲ್ಲಿ ಟೊಯೊಟಾದವರು ಹೇಳುವಷ್ಟು ದೊಡ್ಡ ಸಂಗತಿ ಇಲ್ಲ. ಕಾಗದದ ಮೇಲೆ ಕ್ಯಾಮ್ರಿ ಲೀಟರಿಗೆ 25.49 ಕಿ.ಮೀ., ಪೆಟ್ರೋಲ್ ಸಿ-ಕ್ಲಾಸ್ 16.9. ವರ್ಷಕ್ಕೆ 15 ಸಾವಿರ ಕಿ.ಮೀ. ಓಡಿದರೆ 300 ಲೀಟರ್ ವ್ಯತ್ಯಾಸ. ಲೀಟರಿಗೆ ನೂರು ರೂಪಾಯಿ ಅಂತ ಹಿಡಿದರೂ ಮೂವತ್ತು ಸಾವಿರ. ಐವತ್ತು ಲಕ್ಷದ ಕಾರು ಕೊಳ್ಳುವವರು ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಾರಾ? ತಲೆ ಕೆಡಿಸಿಕೊಳ್ಳಬೇಕಾದದ್ದು ಬೆಲೆ ಕರಗುವುದರ ಬಗ್ಗೆ. ಇನ್ಶೂರೆನ್ಸ್ ಕಂಪನಿಗಳ ಪಟ್ಟಿಯಲ್ಲೇ ಐದನೇ ವರ್ಷದ ಹೊತ್ತಿಗೆ ಕಾರಿನ ಬೆಲೆ ಅರ್ಧ. 47.5 ಲಕ್ಷದ ಕಾರಿನಲ್ಲಿ 24 ಲಕ್ಷ ಹೋಯಿತು. 57 ಲಕ್ಷದ್ದರಲ್ಲಿ 28 ಲಕ್ಷದ ಮೇಲೆ. ಕಟ್ಟಿದ ರಸ್ತೆ ತೆರಿಗೆ ಮಾರುವಾಗ ಕೈಗೆ ಬರುವುದಿಲ್ಲ. ಇದರ ಮುಂದೆ ಪೆಟ್ರೋಲಿನ ಮೂವತ್ತು ಸಾವಿರ ಯಾವ ಲೆಕ್ಕ?

ಹೊರಗಿನ ಗಾತ್ರಕ್ಕೂ ಒಂದು ಬೆಲೆ ಇದೆ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗವನ್ನು ಒಂದು ಭಾನುವಾರ ಅಳೆದೆ. ಎರಡು ಹಳದಿ ಗೆರೆ, ಒಂದು ಕಡೆ ಕಾಂಕ್ರೀಟ್ ಕಂಬ, ಹಿಂದೆ ನೀರಿನ ಪೈಪು. ಉದ್ದ ಐದು ಮೀಟರ್, ಅಗಲ ಎರಡೂವರೆ. ಕ್ಯಾಮ್ರಿ ನಿಲ್ಲಿಸಿದರೆ ಉದ್ದದಲ್ಲಿ ಉಳಿಯುವುದು 8 ಸೆಂ.ಮೀ. ಅಗಲದಲ್ಲಿ 66, ಎರಡೂ ಕಡೆ ಹಂಚಿದರೆ 33. ಕನ್ನಡಿ ಚಾಚಿದ್ದರೆ ಇನ್ನೂ ಕಡಿಮೆ. ಕಂಬದ ಕಡೆ ಬಾಗಿಲು ತೆಗೆದು ಇಳಿಯಬೇಕಾದರೆ ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು. ಇ-ಕ್ಲಾಸ್ 5092 ಮಿ.ಮೀ., ಅದರ ಮೂತಿ ಗೆರೆ ದಾಟಿ ಆಚೆ ನಿಲ್ಲುತ್ತದೆ. ವಾಚ್‌ಮನ್ ಪಕ್ಕದಲ್ಲೇ ನಿಂತು ನೋಡುತ್ತಿದ್ದ. "ಸಾರ್, ಕಾರ್ ತಗೊಂಡ್ರಾ?" ಅಂದ. ಇಲ್ಲಪ್ಪ, ಅಳತೆ ಮಾತ್ರ ನಂದು ಅಂದೆ. ಸಿ-ಕ್ಲಾಸ್‌ನ 4751 ಇಲ್ಲಿ ಗೆಲ್ಲುತ್ತದೆ. ಹಾಗೆಯೇ ಹಂಪ್‌ಗಳು. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಊರುಗಳ ಹಂಪ್ ಹಾಕಿದವರಿಗೆ ಆ ಪುಸ್ತಕ ಸಿಕ್ಕಿದ ಹಾಗಿಲ್ಲ. ಉದ್ದ ವೀಲ್‌ಬೇಸ್, ತಗ್ಗು ಹೊಟ್ಟೆ, ಒಳಗೆ ಐದು ಜನ ಇದ್ದರೆ ಕಾರಿನ ನಡು ಹಂಪ್‌ಗೆ ಉಜ್ಜುತ್ತದೆ. ಇದು ಎಲ್ಲ ದೊಡ್ಡ ಸೆಡಾನ್‌ಗಳ ಪಾಡು.

ಇಷ್ಟೆಲ್ಲ ಬರೆದುಕೊಂಡು ಮಾವನಿಗೆ ಹೇಳಿದೆ. "ಮಾವ, ನೀವೇ ಓಡಿಸೋದಾದ್ರೆ ಕಣ್ಣು ಮುಚ್ಚಿ ಸಿ-ಕ್ಲಾಸ್ ತಗೊಳ್ಳಿ. ಸ್ಟೀರಿಂಗ್ ಹಿಡಿದವನಿಗೆ ಕೊಡೋ ಸುಖದಲ್ಲಿ ಕ್ಯಾಮ್ರಿ ಅದರ ಹತ್ತಿರ ಬರಲ್ಲ. ಹಿಂದೆ ಕೂರೋದಾದ್ರೆ ಆ ಹತ್ತು ಲಕ್ಷ ನಿಮ್ಮ ಡ್ರೈವರ್‌ಗೆ ಉಡುಗೊರೆ ಕೊಟ್ಟ ಹಾಗೆ." ಮಾವ ನಕ್ಕರು. ಆದರೆ ಬ್ಯಾಡ್ಜ್‌ನ ಮಾತು ಬಿಡಲಿಲ್ಲ. ಅಡಿಕೆ ಮಂಡಿಯಲ್ಲಿ ಕಾರಿನಿಂದ ಇಳಿದಾಗ ಜನ ನೋಡುವುದಕ್ಕೂ ಒಂದು ಬೆಲೆ ಇದೆ, ವ್ಯಾಪಾರದಲ್ಲಿ ಅದು ಸುಳ್ಳಲ್ಲ ಅಂದರು. ಅದಕ್ಕೆ ನನ್ನ ಹತ್ತಿರ ಟೇಪ್ ಇರಲಿಲ್ಲ.

ನಾನು ಹೇಳದೇ ಬಿಟ್ಟ ಎದುರಾಳಿ ಒಂದಿತ್ತು. ಅದು ಸೆಡಾನೇ ಅಲ್ಲ. ಬಿಡದಿಯಲ್ಲೇ ಆಗುವ ಇನ್ನೋವಾ ಹೈಕ್ರಾಸ್. ಉದ್ದ 4755, ಕ್ಯಾಮ್ರಿಗಿಂತ ಗಿಡ್ಡ. ವೀಲ್‌ಬೇಸ್ 2850, ಕ್ಯಾಮ್ರಿಗಿಂತ ಎರಡೂವರೆ ಸೆಂ.ಮೀ. ಜಾಸ್ತಿ! ಇದೂ ಮುಂದಿನ ಚಕ್ರದ ಕಾರು, ಇದರಲ್ಲೂ ಹೈಬ್ರಿಡ್. ಮೇಲಿನ ಮಾಡೆಲ್‌ನಲ್ಲಿ ಕಾಲಿಗೆ ಆಧಾರ ಏಳುವ ಸೀಟು. ಬೆಲೆ 30 ಲಕ್ಷದ ಆಚೀಚೆ. 2023ರಲ್ಲಿ ರಾಜ್ಯ ಸರ್ಕಾರ ಮಂತ್ರಿಗಳಿಗೆ ಅಂತ 33 ಹೈಕ್ರಾಸ್ ಕೊಂಡಿತು, 9.9 ಕೋಟಿಗೆ. ಆ ದುಡ್ಡಿಗೆ ಇಪ್ಪತ್ತು ಕ್ಯಾಮ್ರಿ ಬರುತ್ತಿತ್ತು. ಸೆಡಾನ್‌ಗಳ ಮಾರುಕಟ್ಟೆ ಯಾಕೆ ಸೊರಗಿದೆ ಅಂದರೆ ಕ್ಯಾಮ್ರಿಗೂ ಸಿ-ಕ್ಲಾಸ್‌ಗೂ ನಡುವಿನ ಜಗಳದಿಂದ ಅಲ್ಲ, ಇಬ್ಬರ ಗಿರಾಕಿಗಳನ್ನೂ ಎತ್ತರದ ಕಾರುಗಳು ಎತ್ತಿಕೊಂಡು ಹೋಗಿವೆ.

ಕೊನೆಗೆ ಎಲ್ಲರೂ ಶೋರೂಮಿಗೆ ಹೋದೆವು. ಅತ್ತೆಯೂ ಬಂದಿದ್ದರು. ಮಾವ ಕ್ಯಾಮ್ರಿಯ ಹಿಂದಿನ ಸೀಟಿನಲ್ಲಿ ಕೂತು, ಕೈ ಇಡುವ ಜಾಗದಲ್ಲಿದ್ದ ಬಟನ್ ಒತ್ತಿ ಬೆನ್ನು ಹಿಂದಕ್ಕೆ ಬಾಗಿಸಿದರು. ಮುಖ ಅರಳಿತು. ಅತ್ತೆ ಆ ಕಡೆಯಿಂದ ಹತ್ತಿ ಕೂತರು. ಐದು ನಿಮಿಷ ಎಸಿ, ಪರದೆ, ಲೈಟು ಎಲ್ಲ ನೋಡಿದ್ದಾಯಿತು. ಇಳಿಯುವಾಗ ಅತ್ತೆ ಮೊದಲು ಒಂದು ಕಾಲು ಹೊರಗಿಟ್ಟರು. ಏಳಲು ನೋಡಿದರು, ಆಗಲಿಲ್ಲ. ಬಾಗಿಲಿನ ಅಂಚು ಹಿಡಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು.

"ಕೂರೋಕೆ ಚೆನ್ನಾಗಿದೆ ಕಣೋ," ಅಂದರು ಮಂಡಿ ಉಜ್ಜಿಕೊಳ್ಳುತ್ತಾ. "ಏಳೋದು ಹೆಂಗೆ?"

ಮಾವ ಸ್ವಲ್ಪ ಹೊತ್ತು ಅವರನ್ನೇ ನೋಡಿದರು. ಬೆಂಜ್ ಸೀಟು ಇದಕ್ಕಿಂತ ಎತ್ತರ ಇರುತ್ತಾ ಅಂತ ನನ್ನನ್ನು ಕೇಳಿದರು. ಇಲ್ಲ ಮಾವ, ಅದೂ ಇಷ್ಟೇ ತಗ್ಗು ಅಂದೆ. ಅವರು ಸೇಲ್ಸ್ ಹುಡುಗನ ಕಡೆ ತಿರುಗಿ, ಮೂಲೆಯಲ್ಲಿ ನಿಂತಿದ್ದ ಹೈಕ್ರಾಸ್‌ನ ಬಾಗಿಲು ತೆಗೆಯಲು ಹೇಳಿದರು.